ಬಯಲ ಜಗಲಿಗೆ ಗೆದ್ದಲು ಹತ್ತದ ಹಲಗೆ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಕಟ್ಟಿಸಿದ್ದು 1784ರಲ್ಲಿ. ಬಹುಪಾಲು ತೇಗದ ಕಟ್ಟಡ. ಕಾವೇರಿ ದಂಡೆಯ ತೇವ, ಎರಡು ಶತಮಾನಕ್ಕೂ ಮೀರಿದ ಮಳೆಗಾಲಗಳು, ಚೈತ್ರ ವೈಶಾಖದ ಬಿಸಿಲು ಎಲ್ಲವನ್ನೂ ಕಂಡು ಅದರ ಕಂಬ ಕಮಾನುಗಳು ಇಂದಿಗೂ ನಿಂತಿವೆ. ತೇಗ ಗಟ್ಟಿ ಮರ, ನಿಜ. ಆದರೆ ಅದನ್ನು ಕಾಪಾಡಿದ್ದು ಕಟ್ಟಿದ ರೀತಿ. ಕೆಳಗೆ ಎತ್ತರದ ಜಗತಿ, ಸುತ್ತಲೂ ಅಗಲವಾದ ಮೊಗಸಾಲೆ, ಅದರ ಮೇಲೆ ಬಹಳ ಮುಂದಕ್ಕೆ ಚಾಚಿದ ಸೂರು. ಮಳೆಯ ಎರಚಲು ಮರವನ್ನು ಮುಟ್ಟುವುದಿಲ್ಲ, ನೆಲದ ತೇವ ಮೇಲೇರುವುದಿಲ್ಲ.

ಅದೇ ನದಿ ಕೆಳಗೆ ಹರಿದು, ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡು ದಾಟಿ ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನ ಬದಿಗೆ ಬರುತ್ತದೆ. ಮುಳ್ಳೂರು, ದಾಸನಪುರ, ಹರಳೆ, ಹಳೇ ಹಂಪಾಪುರ, ಯಡಕುರಿಯ, ಹಳೇ ಅಣಗಳ್ಳಿ. ಈ ಊರುಗಳ ಹೆಸರು ಪತ್ರಿಕೆಯಲ್ಲಿ ಒಟ್ಟಿಗೆ ಬಂತೆಂದರೆ ನದಿ ದಂಡೆ ಮೀರಿದೆ ಎಂದೇ ಅರ್ಥ. ಕೆಆರ್‌ಎಸ್ ಮತ್ತು ಕಬಿನಿ ಜಲಾಶಯಗಳೆರಡೂ ತುಂಬಿ, ಬಿಟ್ಟ ನೀರು ಲಕ್ಷ ಕ್ಯೂಸೆಕ್ ದಾಟಿದಾಗ ಇಲ್ಲಿನ ಗದ್ದೆ, ಹಾದಿ, ಕೆಲವೊಮ್ಮೆ ಬೀದಿಯೂ ನೀರಿನಡಿ ಹೋಗುತ್ತವೆ. 2018ರಲ್ಲಿ ಹಾಗಾಯಿತು, 2019ರಲ್ಲಿ ಆಯಿತು, 2024ರಲ್ಲಿ ಮತ್ತೆ ಆಯಿತು. 2018ರ ನೆರೆಗೆ ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಕಲ್ಲುಕಂಬಗಳೇ ಕೊಚ್ಚಿಹೋದವು.

ಇಂಥ ನೀರು, ಇಂಥ ಬಿಸಿಲಿನ ಸೀಮೆಯಲ್ಲಿ ಸೂರಿಲ್ಲದ ಜಾಗಕ್ಕೆ ಮರದ ನೆಲ ಹಾಸುವ ಯೋಚನೆಯನ್ನು ನಮ್ಮ ಹಿರಿಯರು ಮಾಡಲಿಲ್ಲ. ಜಗಲಿಗೆ ಕಲ್ಲು ಚಪ್ಪಡಿ, ಅಂಗಳಕ್ಕೆ ಸಗಣಿ ಸಾರಿಸಿದ ಮಣ್ಣು. ಮರವೇನಿದ್ದರೂ ಒಳಗೆ: ಕಂಬ, ತೊಲೆ, ಜಂತೆ, ಅಟ್ಟ, ಬಾಗಿಲುವಾಡ. ಹೊಲಕ್ಕೆ ಹೋಗುವ ನೇಗಿಲು, ನೊಗಗಳು ಕೂಡ ಕೆಲಸ ಮುಗಿದ ಮೇಲೆ ಕೊಟ್ಟಿಗೆಯ ಸೂರಿನಡಿಗೇ ಬರುತ್ತಿದ್ದವು. ಮರವನ್ನು ಬಲ್ಲವರು ಮಾಡಿಕೊಂಡ ಏರ್ಪಾಡು ಅದು.

ಈಗ ಕಟ್ಟುತ್ತಿರುವ ಮನೆಗಳ ಆಸೆ ಬೇರೆ. ಮನೆ ಹಿಂದೆ ತೋಟಕ್ಕೆ ಮುಖ ಮಾಡಿದ ಸಿಟೌಟ್ ಬೇಕು, ತಾರಸಿಯ ಮೇಲೆ ಸಂಜೆ ಕೂರುವ ಜಾಗ ಬೇಕು. ತಲಕಾಡು, ಶಿವನಸಮುದ್ರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ದಾರಿಗಳಲ್ಲಿ ಹೋಮ್‌ಸ್ಟೇ ನಡೆಸುವವರಿಗೆ ನೋಟ ಚೆನ್ನಾಗಿರುವ ಕಡೆ ನೆಲದಿಂದ ಸ್ವಲ್ಪ ಎತ್ತರಿಸಿದ ಮರದ ವೇದಿಕೆ ಬೇಕು. ಆ ಬಣ್ಣ, ಆ ಗೆರೆ, ಬರಿಗಾಲಿಗೆ ಸಿಗುವ ಆ ಹಿತ ಸಿಮೆಂಟಿಗೂ ಟೈಲ್ಸಿಗೂ ಬರುವುದಿಲ್ಲ. ಈ ಆಸೆ ತಪ್ಪಲ್ಲ. ಅದನ್ನು ನಿಜವಾದ ಮರದಿಂದ ತೀರಿಸಿಕೊಳ್ಳಹೊರಟರೆ ಮಾತ್ರ ಮೂರ್ನಾಲ್ಕು ಮಳೆಗಾಲದಲ್ಲೇ ಪಶ್ಚಾತ್ತಾಪ ಪಡಬೇಕಾದೀತು. ಅಂಗಡಿಗಳಲ್ಲಿ ಡಬ್ಲ್ಯುಪಿಸಿ ಎಂದೋ ಕಾಂಪೋಸಿಟ್ ಡೆಕ್ಕಿಂಗ್ ಎಂದೋ ಕರೆಯುವ ಹಲಗೆಯನ್ನು ಇಂಥ ಕಡೆ ಬಳಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಯಾವ ಹಲಗೆ, ಎಲ್ಲಿ, ಹೇಗೆ ಎಂಬುದು ತಿಳಿದಿರಬೇಕು.

ಮೊದಲು ಮರ ಬಯಲಿನಲ್ಲಿ ಯಾಕೆ ಕೆಡುತ್ತದೆ ಎಂದು ನೋಡೋಣ. ಮರದೊಳಗಿನ ತೇವ ಅದರ ಒಣತೂಕದ ಶೇ 20ರೊಳಗೆ ಇರುವವರೆಗೆ ಕೊಳೆಸುವ ಶಿಲೀಂಧ್ರಗಳಿಗೆ ಅಲ್ಲಿ ಬದುಕಿಲ್ಲ. ಮಳೆಯಲ್ಲಿ ನೆನೆದು, ಒಣಗುವ ಮೊದಲೇ ಮತ್ತೆ ನೆನೆಯುವ ಹಲಗೆಯಲ್ಲಿ ತೇವ ಆ ಗಡಿ ದಾಟಿ ಅಲ್ಲೇ ನಿಲ್ಲುತ್ತದೆ. ಕೊಳೆತ ಶುರುವಾಗುವುದು ಸಾಮಾನ್ಯವಾಗಿ ಕೊಯ್ದ ತುದಿಗಳಲ್ಲಿ, ಸ್ಕ್ರೂ ಹೊಡೆದ ತೂತುಗಳಲ್ಲಿ, ಹಲಗೆ ಅಡಿಪಟ್ಟಿಯ ಮೇಲೆ ಕೂತ ಜಾಗದಲ್ಲಿ. ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಮರದ ಲಿಗ್ನಿನ್ ಎಂಬ ಅಂಟನ್ನು ಒಡೆಯುತ್ತದೆ. ಹೊಂಬಣ್ಣದ ತೇಗ ಬೂದಿ ಬಣ್ಣಕ್ಕೆ ತಿರುಗುವುದು ಅದಕ್ಕೇ. ಹಿಗ್ಗಿ ಕುಗ್ಗಿ ಸೀಳು ಬಿಡುತ್ತದೆ, ಸಿಬರು ಏಳುತ್ತದೆ. ಇನ್ನು ಗೆದ್ದಲು. ಮಣ್ಣಿನ ಕೊಳವೆ ಕಟ್ಟಿಕೊಂಡು ನೆಲದಿಂದ ಹತ್ತಿಬರುವ ಗೆದ್ದಲಿಗೆ ನೆಲಕ್ಕೆ ಒಂದಡಿ ಎತ್ತರದಲ್ಲಿ ನೆರಳು, ತೇವ, ಮರ ಮೂರೂ ಒಟ್ಟಿಗೆ ಸಿಕ್ಕರೆ ಬೇರೇನು ಬೇಕು? ಚೆನ್ನಾಗಿ ಬಲಿತ ತೇಗದ ಚೇಗು ಇದನ್ನೆಲ್ಲ ಬಹುಕಾಲ ತಡೆಯುತ್ತದೆ. ಆದರೆ ಅಂಥ ತೇಗವನ್ನು ಬಾಗಿಲಿಗೆ ಹೊಂದಿಸುವುದೇ ಕಷ್ಟವಾಗಿರುವಾಗ ಅಂಗಳಕ್ಕೆ ಹಾಸುವವರು ಯಾರು?

ಕಾಂಪೋಸಿಟ್ ಹಲಗೆಯಲ್ಲಿ ತೂಕದ ಅರ್ಧದಷ್ಟು, ಕೆಲವೊಮ್ಮೆ ಶೇ 60ರವರೆಗೆ ಮರದ ಹಿಟ್ಟು ಇರುತ್ತದೆ. ಸಾಮಿಲ್ಲಿನ ಹೊಟ್ಟು, ಪೀಠೋಪಕರಣ ಕಾರ್ಖಾನೆಯ ಚೂರುಗಳನ್ನು ಒಣಗಿಸಿ ನುಣ್ಣಗೆ ಬೀಸಿದ ಹಿಟ್ಟು ಅದು. ಉಳಿದದ್ದು ಮುಖ್ಯವಾಗಿ ಪಾಲಿಥೀನ್, ಅಂದರೆ ನಮ್ಮ ಹಾಲಿನ ಪ್ಯಾಕೆಟ್ಟು, ಶಾಂಪೂ ಬಾಟಲಿಗಳ ಕುಲದ ಪ್ಲಾಸ್ಟಿಕ್. ಈ ಪ್ಲಾಸ್ಟಿಕ್ಕನ್ನೇ ಆರಿಸಲು ಕಾರಣವಿದೆ. 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮರದ ಹಿಟ್ಟು ಕಮರುತ್ತದೆ. ಪಾಲಿಥೀನ್ 130 ಡಿಗ್ರಿಯ ಸುಮಾರಿಗೇ ಕರಗುತ್ತದೆ. ಹಾಗಾಗಿ ಮರ ಸುಡದಂತೆ ಎರಡನ್ನೂ ಬಿಸಿಯಲ್ಲಿ ಕಲಸಿ, ಅಚ್ಚಿನ ಬಾಯಿಂದ ಉದ್ದನೆಯ ಹಲಗೆಯಾಗಿ ಒತ್ತಿ ತೆಗೆಯಬಹುದು. ಮರದ ನಾರು ನೀರನ್ನು ಎಳೆದುಕೊಳ್ಳುವಂಥದ್ದು, ಪಾಲಿಥೀನ್ ನೀರನ್ನು ದೂರ ತಳ್ಳುವಂಥದ್ದು. ತಾವಾಗಿಯೇ ಅವು ಕೂಡಿಕೊಳ್ಳುವುದಿಲ್ಲ. ನಡುವೆ ಮ್ಯಾಲಿಕ್ ಅನ್‌ಹೈಡ್ರೈಡ್ ಸೇರಿಸಿದ ಪಾಲಿಥೀನನ್ನು ಸ್ವಲ್ಪ ಹಾಕುತ್ತಾರೆ. ಅದು ಒಂದು ಕೈಯಲ್ಲಿ ನಾರನ್ನೂ ಇನ್ನೊಂದರಲ್ಲಿ ಪ್ಲಾಸ್ಟಿಕ್ಕನ್ನೂ ಹಿಡಿಯುತ್ತದೆ. ಜೊತೆಗೆ ಬಣ್ಣ, ಬಿಸಿಲು ತಡೆಯುವ ರಾಸಾಯನಿಕ. ಹಲಗೆಯ ಬಲ, ಬಾಳಿಕೆ ಎಲ್ಲ ಈ ಬೆರಕೆಯ ಹದದ ಮೇಲಿದೆ.

ಅಮೆರಿಕದಲ್ಲಿ ರೋಜರ್ ವಿಟೆನ್‌ಬರ್ಗ್ ಎಂಬುವರು 1988ರ ಸುಮಾರಿಗೆ ಮರದ ಹೊಟ್ಟನ್ನೂ ಹಳೆಯ ಪ್ಲಾಸ್ಟಿಕ್ಕನ್ನೂ ಕೂಡಿಸಿ ಹಲಗೆ ಮಾಡಿದರು. ಅದನ್ನು ಮೊಬಿಲ್ ಕಂಪನಿ ಕೊಂಡಿತು, 1996ರಲ್ಲಿ ಅದರ ಅಧಿಕಾರಿಗಳೇ ಆ ವಿಭಾಗವನ್ನು ಕೊಂಡು ಟ್ರೆಕ್ಸ್ ಎಂಬ ಕಂಪನಿ ಕಟ್ಟಿದರು. ಅಲ್ಲಿನ ಮನೆಗಳ ಹೊರಗಿನ ಮರದ ಡೆಕ್ಕುಗಳು ಕೊಳೆಯದಿರಲೆಂದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣ ಕುಡಿಸಿದ ಮರ ಬಳಸುತ್ತಿದ್ದರು. ಮಕ್ಕಳು ಆಡುವ ಹಲಗೆಯಲ್ಲಿ ಆರ್ಸೆನಿಕ್ ಇರುವುದು ಸರಿಯಲ್ಲ ಎಂಬ ಕೂಗೆದ್ದು, 2003ರ ಕೊನೆಗೆ ಮನೆಬಳಕೆಗೆ ಅದನ್ನು ನಿಲ್ಲಿಸಿದರು. ಕಾಂಪೋಸಿಟ್ ಹಲಗೆಗೆ ಅದರಿಂದ ದಾರಿ ದೊಡ್ಡದಾಯಿತು. ಮೊದಲ ತಲೆಮಾರಿನ ಹಲಗೆಗಳು ಮಾತ್ರ ಹೇಳಿಕೊಂಡಷ್ಟು ಚೆನ್ನಾಗಿರಲಿಲ್ಲ. ಮೇಲ್ಮೈಯಲ್ಲಿ ಬಯಲಾದ ಮರದ ಹಿಟ್ಟು ನೀರು ಕುಡಿದು ಬೂಷ್ಟು ಹಿಡಿಯುತ್ತಿತ್ತು, ಬಣ್ಣ ಮಾಸುತ್ತಿತ್ತು. ಈಗಿನ ಒಳ್ಳೆಯ ಹಲಗೆಗಳಲ್ಲಿ ಒಳಗಿನ ತಿರುಳನ್ನು ಮರದ ಹಿಟ್ಟಿಲ್ಲದ ಶುದ್ಧ ಪ್ಲಾಸ್ಟಿಕ್ಕಿನ ತೆಳು ಹೊದಿಕೆ ಮುಚ್ಚಿರುತ್ತದೆ. ಎರಡೂ ಒಟ್ಟಿಗೇ ಅಚ್ಚಿನಿಂದ ಬರುತ್ತವೆ. ಕೊಳ್ಳುವವರು ಮೊದಲು ಕೇಳಬೇಕಾದ್ದು ಈ ಹೊದಿಕೆಯ ಬಗ್ಗೆ.

ಮುಳ್ಳೂರಿನಂಥ ಊರಿಗೆ ಇದರ ದೊಡ್ಡ ಲಾಭ ನೀರು ಮತ್ತು ಗೆದ್ದಲಿನ ಎದುರು. ಮರದ ಹಿಟ್ಟಿನ ಕಣಕಣವನ್ನೂ ಪ್ಲಾಸ್ಟಿಕ್ ಸುತ್ತಿಕೊಂಡಿರುವುದರಿಂದ ಗೆದ್ದಲಿಗೆ ಅದು ಆಹಾರವಾಗಿ ಒದಗುವುದಿಲ್ಲ. ನೀರು ಒಳಹೋಗುವುದು ಬಹಳ ನಿಧಾನ, ಅದೂ ಅಲ್ಪ. ವರ್ಷಕ್ಕೊಮ್ಮೆ ಉಜ್ಜಿ, ಎಣ್ಣೆ ಬಳಿದು, ವಾರ್ನಿಷ್ ಹಚ್ಚುವ ಕೆಲಸವಿಲ್ಲ. ಮರದ ಡೆಕ್ಕಿನ ನಿಜವಾದ ಖರ್ಚು ಕೊಂಡ ದಿನದ್ದಲ್ಲ, ಪ್ರತಿವರ್ಷ ಅದಕ್ಕೆ ತೆರುವ ಕೂಲಿ ಮತ್ತು ಪಾಲಿಶ್. ಆ ಲೆಕ್ಕ ಸೇರಿಸಿದರೆ ಕಾಂಪೋಸಿಟ್‌ನ ಹೆಚ್ಚಿನ ಬೆಲೆ ಕೆಲವೇ ವರ್ಷಗಳಲ್ಲಿ ಸರಿದೂಗುತ್ತದೆ. ಸಿಬರು ಏಳದ ಹಲಗೆ ಎಂಬುದು ಅಮೆರಿಕದವರಿಗಿಂತ ನಮಗೆ ಹೆಚ್ಚು ಬೇಕಾದ ಗುಣ. ನಾವು ಚಪ್ಪಲಿ ಬಿಟ್ಟು ಜಗಲಿ ಹತ್ತುವವರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು, ಕೂಸನ್ನು ಅಂಬೆಗಾಲಿಡಲು ಬಿಡುವವರು.

ನೆರೆಯ ನೀರು ಬಿಟ್ಟುಹೋಗುವ ಗೋಡಿನ ವಿಚಾರವನ್ನೂ ಇಲ್ಲಿ ಹೇಳಬೇಕು. ನೀರಿಳಿದ ಮೇಲೆ ಮನೆಯವರ ಮುಂದೆ ಇರುವುದು ಕೆಸರು. ಮರದ ಸೀಳುಗಳಲ್ಲಿ ಅದು ಕೂತರೆ ತೇವ ವಾರಗಟ್ಟಲೆ ಹೋಗುವುದಿಲ್ಲ. ಹೊದಿಕೆಯಿರುವ ಕಾಂಪೋಸಿಟ್ ಹಲಗೆಯನ್ನು ಪೈಪು ಹಿಡಿದು, ಬ್ರಷ್ಷಿನಿಂದ ಉಜ್ಜಿ, ಸಾಬೂನು ನೀರು ಹಾಕಿ ತೊಳೆದರೆ ಸಾಕು. ಆದರೆ ಇದೇ ಕಾರಣಕ್ಕೆ ನದಿದಂಡೆಯ ಊರುಗಳಲ್ಲಿ ಒಳಗೆ ಟೊಳ್ಳಿರುವ ಹಲಗೆ ಬೇಡ. ಅಗ್ಗವೆಂದು ಅದನ್ನೇ ಹೆಚ್ಚು ಮಾರುತ್ತಾರೆ. ಟೊಳ್ಳಿನೊಳಗೆ ಗೋಡು ಸೇರಿದರೆ ತೆಗೆಯುವ ಬಗೆಯಿಲ್ಲ, ಇರುವೆ ಹುಳುಗಳಿಗೂ ಅದು ಮನೆ. ಗಟ್ಟಿ ಹಲಗೆಗೆ ಹೆಚ್ಚು ಕೊಡುವುದೇ ಲೇಸು.

ಇಷ್ಟು ಲಾಭ ಕೇಳಿ ಅಂಗಳಕ್ಕೆಲ್ಲ ಹಾಸಿಬಿಡುವ ಮೊದಲು ಬಿಸಿಲಿನ ಮಾತು. ಏಪ್ರಿಲ್ ಮಧ್ಯಾಹ್ನ ಕೊಳ್ಳೇಗಾಲದ ಸೀಮೆಯಲ್ಲಿ ಕಡುಕಂದು ಬಣ್ಣದ ಕಾಂಪೋಸಿಟ್ ಹಲಗೆಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅದೇ ಬಿಸಿಲಿನ ಮರಕ್ಕಿಂತ ಹೆಚ್ಚು ಸುಡುತ್ತದೆ. ತೆಳುಬಣ್ಣದ್ದನ್ನು ಆರಿಸಬೇಕು, ಮೇಲೊಂದು ಚಪ್ಪರವಿರಬೇಕು, ಇಲ್ಲವೇ ಹೊಂಗೆಯದೋ ಬೇವಿನದೋ ನೆರಳಿರಬೇಕು. ಬಿಸಿಗೆ ಹಲಗೆ ಉದ್ದಕ್ಕೂ ಹಿಗ್ಗುತ್ತದೆ. ಮರ ಹಾಗಲ್ಲ, ಅದು ತೇವಕ್ಕೆ ಅಗಲವಾಗುತ್ತದೆ, ಬಿಸಿಗೆ ಉದ್ದವಾಗುವುದು ಅತ್ಯಲ್ಪ. ಮೂರು ಮೀಟರ್ ಉದ್ದದ ಕಾಂಪೋಸಿಟ್ ಹಲಗೆ ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ 30 ಡಿಗ್ರಿ ಏರಿದರೆ ಮೂರರಿಂದ ನಾಲ್ಕು ಮಿಲಿಮೀಟರಿನಷ್ಟು ಬೆಳೆಯಬಲ್ಲದು. ಮರದ ಕೆಲಸದಲ್ಲಿ ಪಳಗಿದ ಆಚಾರಿಗಳು ತುದಿಗೆ ತುದಿ ಸಂದಿಲ್ಲದಂತೆ ಕೂಡಿಸುವುದನ್ನೇ ಹೆಮ್ಮೆ ಎಂದುಕೊಂಡವರು. ಇಲ್ಲಿ ಆ ಹೆಮ್ಮೆ ತಿರುವುಮುರುವಾಗುತ್ತದೆ. ತುದಿಗಳ ನಡುವೆ, ಗೋಡೆಯ ಪಕ್ಕದಲ್ಲಿ ತಯಾರಕರು ಹೇಳಿದಷ್ಟು ಸಂದು ಬಿಡದಿದ್ದರೆ ಹಲಗೆ ಮೊದಲ ಬೇಸಗೆಯಲ್ಲೇ ಕಮಾನಾಗಿ ಎದ್ದುಬಿಡುತ್ತದೆ.

ಹಲಗೆಗಿಂತ ಮುಖ್ಯವಾದದ್ದು ಹಲಗೆಯ ಕೆಳಗಿರುವುದು. ಕಾಂಪೋಸಿಟ್ ಭಾರ ಹೊರುವ ತೊಲೆಯಲ್ಲ. ಮರದಷ್ಟು ಬಿಗಿ ಅದಕ್ಕಿಲ್ಲ; ದೂರ ದೂರದ ಆಧಾರಗಳ ಮೇಲೆ ಹಾಸಿದರೆ ನಡುವೆ ಜೋಲುತ್ತದೆ. ಅಡಿಪಟ್ಟಿಗಳು 30ರಿಂದ 40 ಸೆಂಟಿಮೀಟರಿಗೊಂದರಂತೆ ಬೇಕು. ಅವು ಜಿಂಕ್ ಲೇಪಿಸಿದ ಕಬ್ಬಿಣದವೋ ಅಲ್ಯುಮಿನಿಯಮ್ಮಿನವೋ ಆಗಿರಲಿ. ಮೇಲೆ ಗೆದ್ದಲು ಹತ್ತದ ಹಲಗೆ ಹಾಕಿ ಕೆಳಗೆ ನೀಲಗಿರಿಯ ಪಟ್ಟಿ ಕೊಟ್ಟರೆ ಗೆದ್ದಲು ಕೆಳಗಿನಿಂದಲೇ ಮುಗಿಸುತ್ತದೆ, ಮೇಲಿದ್ದವರಿಗೆ ತಿಳಿಯುವುದು ಹಲಗೆ ಕುಸಿದ ದಿನ. ಹಲಗೆ ಹಿಡಿಯುವ ಕ್ಲಿಪ್ಪು, ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು. ಕೆಳಗಿನ ನೆಲಕ್ಕೆ ನೀರು ಹರಿದುಹೋಗುವ ಇಳಿಜಾರು, ಪಕ್ಕಗಳಿಂದ ಗಾಳಿಯಾಡಲು ತೆರಪು ಬೇಕು. ನೆರೆ ಮುಟ್ಟುವ ಜಾಗವಾದರೆ ಚೌಕಟ್ಟನ್ನು ಕಾಂಕ್ರೀಟಿಗೆ ಬೋಲ್ಟಿನಿಂದ ಕಟ್ಟಬೇಕು, ಗೋಡು ತೆಗೆಯಲು ಕೆಲವು ಹಲಗೆಗಳನ್ನಾದರೂ ಬಿಚ್ಚಿ ಹಾಕುವಂತಿರಬೇಕು.

ಇನ್ನೊಂದು ಎಚ್ಚರ, ಇದು ಬಹಳ ಮನೆಗಳಿಗೆ ಬೇಕಾದದ್ದು. ಬಚ್ಚಲುಮನೆಯ ಬಾಗಿಲು, ಚೌಕಟ್ಟುಗಳಿಗೆಂದು ನಮ್ಮ ಊರುಗಳಲ್ಲಿ ಈಗಾಗಲೇ ಡಬ್ಲ್ಯುಪಿಸಿ ಹೆಸರಿನ ಬಿಳಿ, ಕೆನೆ ಬಣ್ಣದ ಹಲಗೆ ಬಂದಿದೆ. ಅದು ಬಹುತೇಕ ನೊರೆಯುಬ್ಬಿಸಿದ ಪಿವಿಸಿ. ಹಗುರ, ನೀರಿನಲ್ಲಿ ತೇಲುತ್ತದೆ, ಮರದ ಹಿಟ್ಟು ಅದರಲ್ಲಿ ಕಡಿಮೆ. ಬಚ್ಚಲಿಗೆ ಅದು ಒಳ್ಳೆಯದೇ. ಆದರೆ ಹೆಸರು ಒಂದೇ ಎಂದು ಅದನ್ನು ತಂದು ಬಿಸಿಲಿನ ನೆಲಕ್ಕೆ ಹಾಸಿದರೆ ಬಾಗುತ್ತದೆ, ಕುರ್ಚಿಯ ಕಾಲಿಗೆ ತಗ್ಗು ಬೀಳುತ್ತದೆ. ಡೆಕ್ಕಿಗೆಂದೇ ಮಾಡಿದ ಗಟ್ಟಿ ಹಲಗೆ ನೀರಿನಲ್ಲಿ ಮುಳುಗುವಷ್ಟು ಭಾರವಿರುತ್ತದೆ.

ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ಮನೆಯ ಮುಂದಿನ ಕಲ್ಲಿನ ಜಗಲಿಯನ್ನು ಕಿತ್ತು ಇದನ್ನು ಹಾಕುವುದನ್ನು ನಾನು ಒಪ್ಪಲಾರೆ. ಕರಿಕಲ್ಲಿಗೆ ಹೆಸರಾದ ಜಿಲ್ಲೆ ನಮ್ಮದು. ಆ ಚಪ್ಪಡಿಗೆ ನೂರು ವರ್ಷ ಲೆಕ್ಕವಲ್ಲ. ಹೊಸ್ತಿಲ ಮುಂದಿನ ಅಂಗಳಕ್ಕೂ ಇದು ಸಲ್ಲದು, ರಂಗೋಲಿ ಪುಡಿಯೆಲ್ಲ ಹಲಗೆ ಸಂದಿಗೆ ಇಳಿದುಹೋಗುತ್ತದೆ. ಒಲೆ ಹಚ್ಚುವ ಕಡೆ, ದೀಪಾವಳಿಯಲ್ಲಿ ಮಕ್ಕಳು ಹೂಕುಂಡ, ಭೂಚಕ್ರ ಬಿಡುವ ಕಡೆ ಖಂಡಿತ ಬೇಡ. ಪಾಲಿಥೀನ್ ಕರಗುತ್ತದೆ, ಹತ್ತಿಕೊಂಡರೆ ಉರಿಯುತ್ತದೆ. ಹಿತ್ತಲಿನ ಸಿಟೌಟ್, ತೋಟದ ಕಾಲುವೆಯ ಮೇಲಿನ ಸಣ್ಣ ಕಾಲುಸೇತುವೆ, ಹೋಮ್‌ಸ್ಟೇಯ ನೋಟದ ವೇದಿಕೆ, ಶಾಲೆಯ ಅಂಗಳದ, ಬಸ್ ನಿಲ್ದಾಣದ ಬೆಂಚುಗಳ ಪಟ್ಟಿ ಇವುಗಳಿಗೆ ಇದಕ್ಕಿಂತ ಒಪ್ಪುವ ವಸ್ತು ಸಿಗುವುದು ಕಷ್ಟ. ಬೆಂಚುಗಳ ವಿಷಯವನ್ನು ಪಂಚಾಯಿತಿಗಳು ಯೋಚಿಸಲಿ ಎಂದು ಮನಸಾರೆ ಕೇಳುತ್ತೇನೆ.

ಮರದ ಜಾಗಕ್ಕೆ ಪ್ಲಾಸ್ಟಿಕ್ ಬರುವುದೆಂದರೆ ಮನಸ್ಸು ಹಿಂಜರಿಯುತ್ತದೆ. ಕೊಳ್ಳೇಗಾಲದ ರೇಷ್ಮೆ ಬೆಳೆಗಾರರಿಗೆ ಈ ಹಿಂಜರಿಕೆ ಹೊಸದಲ್ಲ. ಹುಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಇದ್ದ ಕಡೆ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂತು. ಬಿದಿರಿನ ಸಂದುಗೊಂದುಗಳಲ್ಲಿ ಉಳಿದುಬಿಡುವ ರೋಗಾಣು ನೇತ್ರಿಕೆಯನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೊಳೆದರೆ ಹೋಗುತ್ತದೆ, ಮಡಚಿ ಇಡಬಹುದು. ಕೆಲಸಕ್ಕೆ ಒದಗಿದ್ದನ್ನು ರೈತರು ಒಪ್ಪಿದರು. ಚಂದ್ರಿಕೆಯೂ ಪೂರಾ ಹೋಗಲಿಲ್ಲ. ಕಾಂಪೋಸಿಟ್ ಹಲಗೆಯನ್ನೂ ಹಾಗೆಯೇ ತೂಗಿ ನೋಡಬೇಕು. ಅದು ಮರವೂ ಅಲ್ಲ, ಪೂರಾ ಪ್ಲಾಸ್ಟಿಕ್ಕೂ ಅಲ್ಲ. ಹಾಗಾಗಿಯೇ ಬಾಳಿಕೆ ಮುಗಿದ ಮೇಲೆ ಮಣ್ಣಿಗೂ ಸೇರದು, ಗುಜರಿಯವರೂ ಸುಲಭವಾಗಿ ಕೊಳ್ಳರು. ತಯಾರಿಸಿದವರೇ ವಾಪಸು ಪಡೆದು, ಪುಡಿಮಾಡಿ ಮತ್ತೆ ಹಲಗೆ ಮಾಡುವುದು ಸಾಧ್ಯವಿದೆ. ಹಳೆಯ ಪ್ಲಾಸ್ಟಿಕ್ಕಿನಿಂದ ಮಾಡಿದ್ದು, ಎರಡು ದಶಕ ಬಾಳುವುದು, ಒಂದು ಮರ ಉಳಿಸುವುದು. ಈ ಮೂರೂ ಕೂಡಿದರೆ ಮಾತ್ರ ಪರಿಸರಕ್ಕೆ ಒಳ್ಳೆಯದು ಎಂಬ ಮಾತಿಗೆ ಅರ್ಥ. ಹೊಸ ಪ್ಲಾಸ್ಟಿಕ್ ಸುರಿದು ಮಾಡಿದ, ಐದು ವರ್ಷಕ್ಕೆ ಬಿರುಕು ಬಿಡುವ ಹಲಗೆಗೆ ಆ ಮಾತು ಸಲ್ಲುವುದಿಲ್ಲ.

ನನ್ನ ಆಸಕ್ತಿ ಹೆಚ್ಚಿರುವುದು ಇದರಲ್ಲಿ ಮರದ ಹಿಟ್ಟೇ ಬೇಕೆಂದಿಲ್ಲ ಎಂಬ ಸಂಗತಿಯಲ್ಲಿ. ಭತ್ತದ ಹೊಟ್ಟು ಆಗುತ್ತದೆ. ಭತ್ತದ ತೂಕದಲ್ಲಿ ಐದರಲ್ಲೊಂದು ಪಾಲು ಹೊಟ್ಟೇ. ತೌಡು ದನಕ್ಕೆ ಹೋದೀತು, ಹೊಟ್ಟನ್ನು ದನವೂ ಒಲ್ಲದು. ಅದರಲ್ಲಿ ಸಿಲಿಕಾ ತುಂಬಿದೆ. ಬಾಯ್ಲರಿಗೆ ಹಾಕಿ ಉರಿಸುತ್ತಾರೆ, ಉಳಿದದ್ದು ಗುಡ್ಡೆ ಬೀಳುತ್ತದೆ. ಅದೇ ಸಿಲಿಕಾ ಹಲಗೆಯೊಳಗೆ ಸೇರಿದಾಗ ಕೊಳೆತಕ್ಕೂ ಹುಳುವಿಗೂ ಅಡ್ಡಿಯಾಗಿ ನಿಲ್ಲುತ್ತದೆ. ಜರ್ಮನಿಯ ರೆಸಿಸ್ಟಾ ಕಂಪನಿ ಭತ್ತದ ಹೊಟ್ಟನ್ನೇ ಮುಖ್ಯ ವಸ್ತುವಾಗಿಟ್ಟುಕೊಂಡು ಹೊರಾಂಗಣದ ಹಲಗೆ ಮಾಡುತ್ತಿದೆ. ಕಾವೇರಿ, ಕಬಿನಿಯ ನಾಲೆಗಳ ಕೆಳಗೆ ಭತ್ತ ಬೆಳೆಯುವ ನಾವು ಇದನ್ನು ಮಾಡಲಾಗದೆ? ಬೆಂಗಳೂರಿನ ಮಲ್ಲೇಶ್ವರದಲ್ಲಿ 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿ, 1988ರಿಂದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಸಂಸ್ಥೆ ಮರ ಮತ್ತು ಪಾಲಿಮರ್ ಮಿಶ್ರಣಗಳ ಮೇಲೆ ಸಂಶೋಧನೆ ಮಾಡುತ್ತ ಬಂದಿದೆ. ಅರಿವು ನಮ್ಮಲ್ಲೇ ಇದೆ.

ಹನೂರಿನ ಕಡೆಯ ಕಾಡಿನಲ್ಲಿ ಲಂಟಾನವೂ ಇದೆ. ಕಾಡಿನ ನೆಲವನ್ನೇ ನುಂಗಿದ ಆ ಪೊದೆಯ ಕಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ಜೊತೆ ಸೇರಿ ಎರಡು ದಶಕಗಳಿಂದ ಕುರ್ಚಿ, ಸೋಫಾ, ಬುಟ್ಟಿ ಮಾಡುತ್ತಿದ್ದಾರೆ. ಕುರ್ಚಿಗೆ ಒದಗುವುದು ಬಾಗುವ, ನೀಳ ಕಡ್ಡಿ ಮಾತ್ರ. ಮುರುಕು, ಸೊಟ್ಟ, ದಪ್ಪ ಬುಡವೆಲ್ಲ ಹಿಟ್ಟಾಗಿ ಹಲಗೆಗೆ ಹೋಗಲು ಅಡ್ಡಿಯಿಲ್ಲ. ಕಡಿದು ತರುವ ಕೂಲಿ ಸೋಲಿಗರ ಹಾಡಿಗಳಿಗೇ ಸಲ್ಲುವಂತೆ ಏರ್ಪಾಡಾದರೆ ಕಾಡಿಗೂ ಉಸಿರಾಡಲು ಜಾಗ ಸಿಕ್ಕೀತು.

ಈಗಲೇ ಹಾಕಿಸಲು ಹೊರಟವರು ಅಂಗಡಿಯಿಂದ ಒಂದು ಗೇಣುದ್ದದ ಮಾದರಿ ತುಂಡು ಕೇಳಿ ತರಲಿ. ಕೊಡದ ಅಂಗಡಿಯಲ್ಲಿ ಕೊಳ್ಳುವುದು ಬೇಡ. ಕೊಯ್ದ ತುದಿ ನೋಡಿದರೆ ಹೊದಿಕೆ ನಾಲ್ಕೂ ಕಡೆ ಇದೆಯೋ, ಮೇಲಷ್ಟೇ ಇದೆಯೋ ತಿಳಿಯುತ್ತದೆ; ನಾಲ್ಕೂ ಕಡೆ ಇರುವುದು ನಮ್ಮ ಮಳೆಗೆ ಒಳ್ಳೆಯದು. ತುಂಡನ್ನು ದಿನಸಿ ತಕ್ಕಡಿಯಲ್ಲಿ ತೂಗಿ, ಒಂದು ವಾರ ನೀರಿನ ಬಕೆಟ್ಟಿನಲ್ಲಿ ಅದುಮಿಟ್ಟು, ಒರೆಸಿ ಮತ್ತೆ ತೂಗಬೇಕು. ತೂಕ ಗಮನಕ್ಕೆ ಬರುವಷ್ಟು ಏರಿದ್ದರೆ, ಅಂಚು ಉಬ್ಬಿದ್ದರೆ ಅದನ್ನು ಬಿಟ್ಟುಬಿಡಿ. ಮೇಲೊಂದು ಹನಿ ಒಗ್ಗರಣೆ ಎಣ್ಣೆ, ಚಿಟಿಕೆ ಅರಿಶಿನ, ಎಲೆಯಡಿಕೆಯ ರಸ ಹಾಕಿ ಮಾರನೆಯ ದಿನ ತೊಳೆದು ನೋಡಿ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿಟ್ಟು ಅಂಗಾಲು ಒತ್ತಿ ನೋಡಿ. ಗ್ಯಾರಂಟಿ ಚೀಟಿಯಲ್ಲಿ ಬಣ್ಣ ಮಾಸುವುದೂ ಸೇರಿದೆಯೇ, ಹಾಕಿದವರ ಕೆಲಸವೂ ಸೇರಿದೆಯೇ ಎಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಹಲಗೆ ಕೊಯ್ಯುವ ದಿನ ಕೆಳಗೆ ಟಾರ್ಪಾಲು ಹಾಸಿಸಿ. ಬೀಳುವ ಪುಡಿಯಲ್ಲಿ ಅರ್ಧ ಪ್ಲಾಸ್ಟಿಕ್ಕಿದೆ, ಅದು ಗಾಳಿಗೆ ಹಾರಿ ಗದ್ದೆಗೆ, ಮಳೆಗೆ ಹರಿದು ಹೊಳೆಗೆ ಸೇರಬಾರದು. ಉಳಿದ ತುಂಡುಗಳನ್ನು ಸೌದೆಯೆಂದು ನೀರೊಲೆಗೆ ಹಾಕಬಾರದು. ನಾಲ್ಕೈದು ಹಲಗೆಗಳನ್ನು ಮುಂದಿನ ರಿಪೇರಿಗೆಂದು ಅಟ್ಟದಲ್ಲಿಟ್ಟು, ಪುಡಿ ಚೂರುಗಳನ್ನು ಚೀಲ ಕಟ್ಟಿ ಅಂಗಡಿಗೇ ವಾಪಸು ಕೊಡುವ ಮಾತನ್ನು ಮುಂಗಡ ಹಣ ಕೊಡುವಾಗಲೇ ಆಡಿಕೊಳ್ಳಿ.